ನಾಲ್ಕು ಕೋರ್‌ನ ಐ3-12100, ಆರು ಕೋರ್‌ನ ರೈಜನ್ 5600ಜಿ: ನನ್ನ ಮತ ನಾಲ್ಕಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರುಗಳಲ್ಲಿ (ಅದರೊಳಗೆ ಲೆಕ್ಕ ಮಾಡುವ ಘಟಕವೇ ಕೋರ್) ನನ್ನ ಮತ ಇಂಟೆಲ್‌ನ ಕೋರ್ ಐ3-12100ಕ್ಕೆ. ಮುಂಬಯಿ ಬಳಿಯ ಡೊಂಬಿವಲಿಯ ನನ್ನ ಮನೆಯಲ್ಲಿ ಮೇಜಿನ ಕೆಳಗೆ ಕೂತಿರುವುದು ಅದೇ. ಅದರ ಎದುರಾಳಿ, ಎಎಂಡಿಯ ರೈಜನ್ 5 5600ಜಿ, ಇರುವುದು ನಮ್ಮ ಕನ್ನಡ ಸಂಘದ ಕಚೇರಿಯಲ್ಲಿ. ಅದನ್ನು ಜೋಡಿಸಿದವನೂ ನಾನೇ, ತೊಂದರೆಯಾದಾಗ ಫೋನ್ ಬರುವುದೂ ನನಗೇ. ಎರಡರ ಮೇಲೂ ನಾನು ಮಾಡುವ ಕೆಲಸ ಒಂದೇ: ಸಂಘದ ಪತ್ರಿಕೆಯ ಪುಟವಿನ್ಯಾಸ, ತಾಳಮದ್ದಳೆ ಮತ್ತು ಯಕ್ಷಗಾನದ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿ ಅಪ್‌ಲೋಡ್ ಮಾಡುವುದು, ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸುವುದು. ಕಂಪ್ಯೂಟರಿನಲ್ಲಿ ಆಟ ಆಡುವವರಿಗೆ ಈ ಬರಹದಲ್ಲಿ ಇರುವುದು ಒಂದೇ ಪ್ಯಾರಾ. ಅದೂ ಕೊನೆಯ ಕಡೆಗೆ.

ಸಂಘಕ್ಕೆ ಹೊಸ ಕಂಪ್ಯೂಟರ್ ಬೇಕೆಂಬ ಮಾತು 2022ರಲ್ಲಿ ಸಮಿತಿಯ ಮುಂದೆ ಬಂದಾಗ ನನ್ನ ಮನೆಯಲ್ಲಿರುವಂಥದ್ದನ್ನೇ ಸೂಚಿಸಿದ್ದೆ. ಆದರೆ ಮೂರು ದರಪಟ್ಟಿ ತರಿಸದೆ ಒಂದು ಕುರ್ಚಿಯನ್ನೂ ಕೊಳ್ಳಬಾರದೆಂಬುದು ನಮ್ಮ ಸಂಘದ ಕಟ್ಟಳೆ. ಬಂದ ಮೂರರಲ್ಲಿ ಒಂದರಲ್ಲಿ 5600ಜಿ ಇತ್ತು. ನಮ್ಮ ಖಜಾಂಚಿಯವರು ಬ್ಯಾಂಕಿನಿಂದ ನಿವೃತ್ತರಾದವರು, ಅಂಕಿ ಕಂಡಲ್ಲಿ ಕಣ್ಣು ನಿಲ್ಲಿಸುವವರು. "ರಾಯರೇ, ನೀವು ಹೇಳುವುದರಲ್ಲಿ ನಾಲ್ಕು ಕೋರ್, ಇದರಲ್ಲಿ ಆರು. ಮೂರ್ನಾಲ್ಕು ಸಾವಿರ ಹೆಚ್ಚಾದರೂ ಆಗಲಿ, ಸಂಘದ ವಸ್ತು ಹತ್ತು ವರ್ಷ ಬಾಳಬೇಕು" ಎಂದರು. ಆರಕ್ಕಿಂತ ನಾಲ್ಕು ಮೇಲು ಎಂದು ತುಂಬಿದ ಸಭೆಯಲ್ಲಿ ವಾದಿಸಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಠರಾವು ಪಾಸಾಯಿತು.

ಆ ದಿನ ಸಭೆಯಲ್ಲಿ ಹೇಳಲು ಬಿಡದ ಮಾತನ್ನು ಇಲ್ಲಿ ಹೇಳುತ್ತೇನೆ. ಕೋರ್‌ಗಳ ಸಂಖ್ಯೆಯಷ್ಟೇ ಮುಖ್ಯವಾದದ್ದು ಒಂದೊಂದು ಕೋರ್‌ನ ಕಸುವು. 5600ಜಿ ಅಂಗಡಿಗೆ ಬಂದದ್ದು 2021ರ ಆಗಸ್ಟ್‌ನಲ್ಲಿ. 12100 ಬಂದದ್ದು 2022ರ ಜನವರಿಯಲ್ಲಿ. ನಡುವೆ ಐದೇ ತಿಂಗಳಿದ್ದರೂ ಇಂಟೆಲ್ ಆ ತಲೆಮಾರಿನಲ್ಲಿ ಕೋರ್‌ನ ವಿನ್ಯಾಸವನ್ನೇ ಬದಲಿಸಿತ್ತು. ಗರಿಷ್ಠ ವೇಗ, ಅಂದರೆ ಕೋರ್ ಸೆಕೆಂಡಿಗೆ ಮಿಡಿಯುವ ಲೆಕ್ಕ, ಎಎಂಡಿಯದು 4.4 ಗಿಗಾಹರ್ಟ್ಸ್, ಇಂಟೆಲ್‌ನದು 4.3. ಕಾಗದದ ಮೇಲೆ ಇಲ್ಲಿಯೂ ಎಎಂಡಿಯದೇ ಮೇಲುಗೈ. ಆದರೆ ಒಂದು ಮಿಡಿತದಲ್ಲಿ 12100ರ ಕೋರ್ ಮಾಡಿ ಮುಗಿಸುವ ಕೆಲಸ ಹೆಚ್ಚು. ಕೋರ್‌ಗೆ ಕೋರ್ ನಿಲ್ಲಿಸಿದರೆ ಐ3 ಮುಂದೆ, ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ದುಡಿಸಿದರೆ 5600ಜಿ ಮುಂದೆ. ಬಿಡುಗಡೆಯ ಹೊತ್ತಿಗೆ ಕಂಪನಿಗಳು ಹೇಳಿದ ಬೆಲೆಯಾದರೋ 5600ಜಿಗೆ 259 ಡಾಲರ್, 12100ಕ್ಕೆ 122 ಡಾಲರ್. ನಮ್ಮ ಮಾರುಕಟ್ಟೆಗೆ ಬರುವಾಗ ಅಂತರ ಅಷ್ಟು ಉಳಿದಿರಲಿಲ್ಲ, ಆದರೂ ಇತ್ತು.

ಹಾಗಾದರೆ ನನ್ನ ಕೆಲಸಕ್ಕೆ ಯಾವ ಬಗೆಯ ಕಸುವು ಬೇಕು? ಕನ್ನಡದ ಸಣ್ಣ ಪತ್ರಿಕೆಗಳ ಒಳಮನೆ ಬಲ್ಲವರಿಗೆ ಗೊತ್ತು, ಅಡೋಬಿ ಎಂದೋ ಕೈಬಿಟ್ಟ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಇನ್ನೂ ನಮ್ಮಲ್ಲಿ ಉಸಿರಾಡುತ್ತಿದೆ. ಲೇಖಕರು ನುಡಿ ತಂತ್ರಾಂಶದಲ್ಲಿ ಒಬ್ಬರು, ಬರಹ ತಂತ್ರಾಂಶದಲ್ಲಿ ಇನ್ನೊಬ್ಬರು, ಯೂನಿಕೋಡ್‌ನಲ್ಲಿ ಮತ್ತೊಬ್ಬರು ಕಳಿಸುತ್ತಾರೆ. ಎಲ್ಲವನ್ನೂ ಒಂದೇ ಫಾಂಟಿಗೆ ತಂದು ಪುಟಕ್ಕೆ ಸುರಿಯಬೇಕು. ಪೇಜ್‌ಮೇಕರ್ ಒಂದೇ ಕೋರ್ ಬಳಸಿಕೊಂಡು ಓಡುವ ಕಾಲದ ತಂತ್ರಾಂಶ. ಅದಕ್ಕೆ ಆರು ಕೋರ್ ಕೊಟ್ಟರೆ ಐದು ಕೈಕಟ್ಟಿ ಕೂರುತ್ತವೆ. ನೂರು ಪುಟದ ವಿಶೇಷಾಂಕದಲ್ಲಿ ಒಂದು ಜಾಹೀರಾತು ಕೊನೆಯ ಗಳಿಗೆಯಲ್ಲಿ ಎರಡನೆಯ ಪುಟಕ್ಕೆ ಬಂದು ಕೂತಾಗ, ಮುಂದಿನ ಸಾಲುಗಳೆಲ್ಲ ಜರುಗಿ ಹೊಸದಾಗಿ ಹೊಂದಿಕೊಳ್ಳುವ ಆ ಕೆಲವು ಸೆಕೆಂಡುಗಳಿವೆಯಲ್ಲ, ಅಲ್ಲಿ ಐ3 ನನ್ನ ತಾಳ್ಮೆಯನ್ನು ಕಡಿಮೆ ಪರೀಕ್ಷಿಸುತ್ತದೆ. ವ್ಯತ್ಯಾಸ ದೊಡ್ಡದೇನಲ್ಲ. ದಿನವಿಡೀ ಅದನ್ನೇ ಮಾಡುವವನಿಗೆ ಮಾತ್ರ ಅದು ಗೊತ್ತಾಗುತ್ತದೆ. ಫೋಟೋಶಾಪ್‌ನಲ್ಲಿ ಸನ್ಮಾನ ಸಮಾರಂಭದ ಚಿತ್ರಗಳನ್ನು ತಿದ್ದುವಾಗಲೂ ನನ್ನ ಅನುಭವ ಇದೇ.

ಇಷ್ಟೇ ಆಗಿದ್ದರೆ ನಾನು ಈ ಹೋಲಿಕೆ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಬರೆಯಿಸಿದ್ದು ಸಂಘದ ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ಹೊತ್ತು ಜೋಡಿಸುವ ಹಲಗೆ, ಅಂದರೆ ಮದರ್‌ಬೋರ್ಡ್.

ಪ್ರೊಸೆಸರ್ ಕೂರುವ ಕಿಂಡಿಗೆ ಸಾಕೆಟ್ ಎನ್ನುತ್ತಾರೆ. ಎಎಂಡಿಯ ಎಎಂ4 ಎಂಬ ಸಾಕೆಟ್‌ನ ಹೆಗ್ಗಳಿಕೆ ಅದರ ದೀರ್ಘಾಯುಷ್ಯ. 2017ರ ಮೊದಲ ರೈಜನ್‌ನಿಂದ ಹಿಡಿದು 5000 ಸರಣಿಯ ತನಕ ಅದೇ ಕಿಂಡಿಯಲ್ಲಿ ಕೂರುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಕಿಂಡಿ ಹೊಂದಿದರೆ ಸಾಲದು. ಬೋರ್ಡಿನ ಮೇಲೆ ಬಯೋಸ್ ಎಂಬ ಪುಟ್ಟ ತಂತ್ರಾಂಶವಿರುತ್ತದೆ, ಅದಕ್ಕೆ ಹೊಸ ಪ್ರೊಸೆಸರಿನ ಗುರುತು ಇರಬೇಕು. ದರಪಟ್ಟಿಯಲ್ಲಿ ನಮಗೆ ಬರೆದುಕೊಟ್ಟದ್ದು ಬಿ450 ಚಿಪ್‌ಸೆಟ್‌ನ ಬೋರ್ಡು. ಬೋರ್ಡಿನ ಸಂಪರ್ಕಗಳನ್ನು ನಿಭಾಯಿಸುವ ಆ ಚಿಪ್‌ಸೆಟ್ 2018ರದು, 5600ಜಿ 2021ರದು. ಮಧ್ಯದ ಮೂರು ವರ್ಷಗಳಲ್ಲಿ ಹೊಸ ಬಯೋಸ್‌ಗಳು ಬಂದಿದ್ದವು, ನಿಜ. ಆದರೆ ಗೋದಾಮಿನಲ್ಲಿ ಡಬ್ಬಿಯೊಳಗೆ ಮಲಗಿದ್ದ ಬೋರ್ಡಿಗೆ ಅದನ್ನು ಯಾರು ಹೇಳಬೇಕು?

ಕಂಪ್ಯೂಟರ್ ಬಿಡಿಭಾಗಗಳ ಬೀದಿಯಾದ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಒಂದು ಅಂಗಡಿಯಿಂದ ಬಿಡಿಭಾಗಗಳು ಬಂದವು. ಸಂಘದ ಕಚೇರಿಯಲ್ಲಿ ಜೋಡಿಸಿ ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು, ದೀಪ ಉರಿಯಿತು, ಪರದೆ ಮಾತ್ರ ಕಪ್ಪಗೇ ಇತ್ತು. ಅಗ್ಗದ ಬೋರ್ಡ್ ಆದ್ದರಿಂದ ದೋಷ ಎಲ್ಲಿದೆಯೆಂದು ತೋರಿಸುವ ಚಿಕ್ಕ ದೀಪಗಳೂ ಅದರಲ್ಲಿರಲಿಲ್ಲ. ರ‍್ಯಾಮ್ ಕಿತ್ತು ಕೂರಿಸಿದೆ, ಕಿಂಡಿ ಬದಲಿಸಿದೆ, ಕೇಬಲ್ ಬದಲಿಸಿದೆ. ಹಿಂದೆ ನಿಂತು ನೋಡುತ್ತಿದ್ದ ಸಮಿತಿಯವರು ಒಬ್ಬೊಬ್ಬರಾಗಿ ಸಲಹೆ ಕೊಡತೊಡಗಿದರು. ಕಪ್ಪು ಪರದೆಗಿಂತ ಅದು ಹೆಚ್ಚು ಕಷ್ಟದ್ದು.

ಬಯೋಸ್ ಹಳೆಯದೆಂಬ ಗುಮಾನಿ ಬಂದಾಗ ಡಬ್ಬಿಯನ್ನು ತಿರುಗಿಸಿ ನೋಡಿದೆ. 5000 ಸರಣಿಗೆ ಸಿದ್ಧವಾಗಿರುವ ಬೋರ್ಡುಗಳ ಡಬ್ಬಿಗೆ ಹಾಗೆಂದು ಚೀಟಿ ಅಂಟಿಸಿರುತ್ತಾರೆ. ನಮ್ಮದರ ಮೇಲೆ ಇರಲಿಲ್ಲ. ಕೆಲವು ಬೋರ್ಡುಗಳಲ್ಲಿ ಹಿಂಬದಿಗೆ ಒಂದು ಗುಂಡಿ ಇರುತ್ತದೆ, ಪ್ರೊಸೆಸರ್ ಇಲ್ಲದಿದ್ದರೂ ಪೆನ್‌ಡ್ರೈವ್‌ನಿಂದ ಹೊಸ ಬಯೋಸ್ ತುಂಬಿಕೊಳ್ಳುತ್ತದೆ. ನಮ್ಮದರಲ್ಲಿ ಆ ಗುಂಡಿಯೂ ಇರಲಿಲ್ಲ. ಹಾಗಿದ್ದಾಗ ಉಳಿಯುವ ದಾರಿ ಒಂದೇ: ಆ ಬೋರ್ಡು ಗುರುತಿಸುವ ಹಳೆಯ ರೈಜನ್ ಒಂದನ್ನು ತಂದು ಕೂರಿಸಿ, ಅದರಿಂದ ಕಂಪ್ಯೂಟರ್ ಎಬ್ಬಿಸಿ, ಬಯೋಸ್ ಬದಲಿಸಿ, ಆಮೇಲೆ ಹೊಸದನ್ನು ಕೂರಿಸಬೇಕು. ಹೊಸದನ್ನು ನಡೆಸಲು ಹಳೆಯದು ಬೇಕು. ಮನೆಯಲ್ಲಿ ಹಳೆಯ ರೈಜನ್ ಯಾರ ಬಳಿ ಇರುತ್ತದೆ?

ಅಂಗಡಿಗೆ ಫೋನ್ ಮಾಡಿದರೆ, "ಸಾಹೇಬ್, ಪ್ರೊಸೆಸರ್ ಖರಾಬ್ ಹೋಗಾ, ಸರ್ವಿಸ್ ಸೆಂಟರ್ ಜಾಯಿಯೇ" ಎಂಬ ಉತ್ತರ. ಬೋರ್ಡೂ ಅವರದೇ, ಪ್ರೊಸೆಸರೂ ಅವರದೇ, ಎರಡನ್ನೂ ಒಂದೇ ಬಿಲ್ಲಿನಲ್ಲಿ ಬರೆದುಕೊಟ್ಟವರೂ ಅವರೇ. ಹೊಂದಿಕೆಯ ಜವಾಬ್ದಾರಿ ಮಾತ್ರ ಸರ್ವಿಸ್ ಸೆಂಟರಿನದು! ಜಗಳವಾಡಿ ಬೋರ್ಡನ್ನು ವಾಪಸು ತರಲು ಒಪ್ಪಿಸಿದೆ. ಮಳೆಗಾಲ. ಬೋರ್ಡಿಗೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ, ಡೊಂಬಿವಲಿಯಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿಳಿದು ಪಶ್ಚಿಮ ರೈಲ್ವೆ, ಅಲ್ಲಿಂದ ಗ್ರಾಂಟ್ ರೋಡ್. ಲೋಕಲ್‌ನಲ್ಲಿ ಎಎಂ4 ಪ್ರೊಸೆಸರನ್ನು ಕೊಂಡೊಯ್ಯುವುದು ಇನ್ನೊಂದು ಸಂಕಟ. ಇಂಟೆಲ್‌ನ ಈ ತಲೆಮಾರಿನಲ್ಲಿ ಪಿನ್ನುಗಳು ಇರುವುದು ಬೋರ್ಡಿನ ಮೇಲೆ. ಎಎಂ4ನಲ್ಲಿ ಇರುವುದು ಪ್ರೊಸೆಸರಿನ ಹೊಟ್ಟೆಯ ಕೆಳಗೆ, ಗರಿಕೆಯಷ್ಟು ಸಪೂರವಾಗಿ. ಸಂಜೆಯ ಹೊತ್ತಿನ ಡೊಂಬಿವಲಿ ಲೋಕಲ್ ಹತ್ತಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಶನಿವಾರವೇ ಹೋಗಬೇಕಾಯಿತು; ಭಾನುವಾರ ಆ ಬೀದಿಯ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಅಂಗಡಿಯ ಹುಡುಗ ಹಳೆಯ ರೈಜನ್ ಒಂದನ್ನು ಕೂರಿಸಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ. ಅದಕ್ಕೆ "ಅಪ್‌ಡೇಟ್ ಚಾರ್ಜ್" ಎಂದು ಬೇರೆ ಹಣ ಕೇಳಿದರು. ಖಜಾಂಚಿಯವರ ಮುಂದೆ ಆ ಖರ್ಚನ್ನು ಯಾವ ಬಾಬ್ತಿಗೆ ಬರೆಯಲಿ ಎಂದು ಕೇಳಿದ ಮೇಲೆ ಬಿಟ್ಟುಕೊಟ್ಟರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದ ಮೇಲೆ ಊರಿನ ಮೇಳಗಳ ಕಲಾವಿದರು ಮುಂಬಯಿಗೆ ಬರುತ್ತಾರಲ್ಲ, ಆ ವರ್ಷ ಒಂದು ತಾಳಮದ್ದಳೆಯನ್ನು ನಾವು ಸಂಘದಲ್ಲಿ ಮುದ್ರಿಸಿಕೊಂಡಿದ್ದೆವು. ಅದನ್ನು ಕೇಳುತ್ತ ಕೂತಾಗ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ನಡುನಡುವೆ ತೊದಲತೊಡಗಿತು. ಒಂದೆರಡು ಸೆಕೆಂಡು ಧ್ವನಿ ಕಿರ್ರೆಂದು ಅಂಟಿಕೊಳ್ಳುತ್ತದೆ, ಮೌಸ್ ನಿಲ್ಲುತ್ತದೆ, ಮತ್ತೆ ಎಲ್ಲವೂ ಸರಿ. ಮೊದಲು ಮೈಕಿನ ದೋಷವೆಂದುಕೊಂಡೆವು. ಅದೇ ಕಡತವನ್ನು ಮನೆಗೆ ತಂದು ಐ3ಯಲ್ಲಿ ಕೇಳಿದರೆ ಮಾತು ಸರಾಗ.

ಕಾರಣ ತಿಳಿದ ಮೇಲೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಕಡ್ಡಾಯ. ರೈಜನ್ ಕಂಪ್ಯೂಟರುಗಳಲ್ಲಿ ಅದು ಸಾಮಾನ್ಯವಾಗಿ ಬಯೋಸ್ ಜೊತೆಗೇ ಬರುತ್ತದೆ, ತನ್ನ ಲೆಕ್ಕಪತ್ರವನ್ನು ಬೋರ್ಡಿನ ಮೇಲಿನ ಫ್ಲ್ಯಾಶ್ ಚಿಪ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ಈ ಓದು-ಬರಹ ದೀರ್ಘವಾಗಿ, ಅಷ್ಟು ಹೊತ್ತು ಇಡೀ ಕಂಪ್ಯೂಟರ್ ತಡೆದು ನಿಲ್ಲುತ್ತದೆ ಎಂದು ಎಎಂಡಿ 2022ರ ಮಾರ್ಚ್‌ನಲ್ಲಿ ತಾನೇ ಪ್ರಕಟಿಸಿತ್ತು. ಪರಿಹಾರವಿರುವ ಬಯೋಸ್‌ಗಳು ಆ ವರ್ಷದ ಮೇ ತಿಂಗಳಿಂದ ಬರುತ್ತವೆ ಎಂದೂ ಹೇಳಿತ್ತು. ಅಂದರೆ ನಾವು ಕೊಳ್ಳುವ ಹೊತ್ತಿಗೆ ಮದ್ದು ಸಿದ್ಧವಾಗಿತ್ತು. ಅಂಗಡಿಯ ಹುಡುಗ ತನ್ನ ಪೆನ್‌ಡ್ರೈವ್‌ನಲ್ಲಿ ಹಿಂದಿನ ವರ್ಷ ಇಳಿಸಿಟ್ಟಿದ್ದ, ಪ್ರೊಸೆಸರನ್ನು ಗುರುತಿಸುವ ಮಟ್ಟಿಗೆ ಸಾಕಾಗುವ ಬಯೋಸ್ ತುಂಬಿ ಕಳಿಸಿದ್ದ. ಕಂಪ್ಯೂಟರ್ ಏಳುತ್ತದೆ, ಹಣ ಬಂತು, ಮುಂದಿನ ಗಿರಾಕಿ.

ಎರಡನೆಯ ಬಾರಿ ಬಯೋಸ್ ಬದಲಿಸಿದ್ದು ನಾನೇ, ಸಂಘದ ಕಚೇರಿಯಲ್ಲಿ. ಹೊರಗೆ ಗುಡುಗು. ಬಯೋಸ್ ಬರೆಯುತ್ತಿರುವಾಗ ಕರೆಂಟು ಹೋದರೆ ಬೋರ್ಡು ಹೆಣ. ಯುಪಿಎಸ್ ಬ್ಯಾಟರಿಯ ಮೇಲೆ ಯಾರಿಗೂ ನಂಬಿಕೆಯಿಲ್ಲ. ಪ್ರಗತಿಯ ಪಟ್ಟಿ ಮುಂದೆ ಸರಿಯುವ ತನಕ ಯಾರೂ ಚಹಾ ಲೋಟವನ್ನು ಕೆಳಗಿಡಲಿಲ್ಲ. ಅಂದಿನಿಂದ ತೊದಲು ನಿಂತಿದೆ. ಪ್ರೊಸೆಸರ್ ತನ್ನಷ್ಟಕ್ಕೆ ಒಳ್ಳೆಯದೇ. ಆದರೆ ನನ್ನಂಥವನು ಕೊಳ್ಳುವಾಗ ಪ್ರೊಸೆಸರ್ ಒಂದನ್ನೇ ಕೊಳ್ಳುವುದಿಲ್ಲ. ಅದರ ಹಿಂದೆ ಬರುವ ಬೋರ್ಡು, ಬೋರ್ಡಿನ ಹಳೆಯ ಸ್ಟಾಕು, ಅಂಗಡಿಯವನ ಪೆನ್‌ಡ್ರೈವ್ ಎಲ್ಲವನ್ನೂ ಕೊಳ್ಳುತ್ತೇನೆ.

ಇಂಟೆಲ್ ಕಡೆ ಇದು ಹೇಗೆ ನಡೆಯಿತು ಎಂದರೆ, ಹೇಳಲು ಏನೂ ಇಲ್ಲ. ನನ್ನ ಬೋರ್ಡಿನ ಎಚ್610 ಚಿಪ್‌ಸೆಟ್ 12100ರ ಜೊತೆಯಲ್ಲೇ ಹುಟ್ಟಿದ್ದು. ಡಬ್ಬಿ ಒಡೆದು ಕೂರಿಸಿ ಸ್ವಿಚ್ ಹಾಕಿದೆ, ವಿಂಡೋಸ್ ತುಂಬಿದೆ, ಊಟಕ್ಕೆ ಎದ್ದೆ. ಆದರೆ ನ್ಯಾಯವಾಗಿ ಇನ್ನೊಂದು ಮಾತೂ ಸೇರಿಸಬೇಕು: ಅದೇ ಎಚ್610 ಬೋರ್ಡಿನ ಹಳೆಯ ಸ್ಟಾಕಿಗೆ ನೀವು 13 ಅಥವಾ 14ನೆಯ ತಲೆಮಾರಿನ ಐ3 ತಂದು ಕೂರಿಸಹೊರಟರೆ ನಮ್ಮ ಸಂಘದ ಕಥೆ ನಿಮ್ಮ ಮನೆಯಲ್ಲೂ ನಡೆದೀತು. ಆಗಲೂ ಬಯೋಸ್ ಹೊಸದಾಗಿರಲೇಬೇಕು.

ಐ3 ಕೊಳ್ಳುವವರು ಎಚ್ಚರದಿಂದ ನೋಡಬೇಕಾದದ್ದು ಒಂದೇ ಅಕ್ಷರ. 12100 ಬೇರೆ, 12100ಎಫ್ ಬೇರೆ. ಎಫ್ ಇರುವುದರಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆಯಲ್ಲಿ ಏನೂ ಮೂಡದು. ಅಗ್ಗವಾದ್ದರಿಂದ ಅಂಗಡಿಯವರು ಮೊದಲು ಬರೆದುಕೊಡುವುದು ಎಫ್ ಅನ್ನೇ. ನನ್ನ ದರಪಟ್ಟಿಯಲ್ಲೂ ಹಾಗೇ ಇತ್ತು, ಹೊಡೆದುಹಾಕಿಸಿ ಸಹಿ ಹಾಕಿಸಿಕೊಂಡೆ.

ಈಗ ವಿಡಿಯೊ. ಯಕ್ಷಗಾನದ ವಿಡಿಯೊವನ್ನು ಕುಗ್ಗಿಸುವುದು ಮದುವೆಯ ವಿಡಿಯೊ ಕುಗ್ಗಿಸಿದಂತಲ್ಲ. ಪುಂಡುವೇಷ ದಿಗಿಣ ತೆಗೆಯುವಾಗ, ಅಂದರೆ ಹಾರಿ ಗಿರಗಿರನೆ ಸುತ್ತುವಾಗ, ಕೆಂಪು ಹಸಿರು ಬಟ್ಟೆ, ಮಣಿಸರ, ಗೆಜ್ಜೆ ಎಲ್ಲ ಒಟ್ಟಿಗೆ ಸುತ್ತುತ್ತವೆ. ಪ್ರತಿ ಚೌಕಟ್ಟೂ ಹಿಂದಿನದಕ್ಕಿಂತ ಬೇರೆ. ಕುಗ್ಗಿಸುವ ತಂತ್ರಾಂಶ ಸೋತಿತೆಂದರೆ ವೇಷ ಚೌಕ ಚೌಕವಾಗಿ ಒಡೆಯುತ್ತದೆ. ನಾನು ಬಳಸುವುದು ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಎರಡು ದಾರಿಗಳಿವೆ. ಒಂದು, ಪ್ರೊಸೆಸರಿನ ಕೋರ್‌ಗಳನ್ನೇ ದುಡಿಸುವುದು. ಇದರಲ್ಲಿ ಆರು ಕೋರ್‌ಗಳ 5600ಜಿ ಸಂಶಯವಿಲ್ಲದೆ ಮುಂದೆ, ನನ್ನ ಗಡಿಯಾರದ ಪ್ರಕಾರ ಸುಮಾರು ಐದರಲ್ಲೊಂದು ಪಾಲು ಸಮಯ ಉಳಿಸುತ್ತದೆ. ಇನ್ನೊಂದು, ಗ್ರಾಫಿಕ್ಸ್ ಭಾಗದೊಳಗೆ ವಿಡಿಯೊಗೆಂದೇ ಇರುವ ಯಂತ್ರಾಂಶಕ್ಕೆ ಕೆಲಸ ಒಪ್ಪಿಸುವುದು. ಇಂಟೆಲ್ ಇದನ್ನು ಕ್ವಿಕ್‌ಸಿಂಕ್ ಎನ್ನುತ್ತದೆ, ಎಎಂಡಿಯಲ್ಲೂ ಇಂಥದ್ದಿದೆ.

ಎರಡನೆಯ ದಾರಿಯಲ್ಲಿ ಎರಡೂ ವೇಗವಾಗಿವೆ. ರಾತ್ರಿಯಿಡೀ ಓಡಬೇಕಿದ್ದ ಪ್ರಸಂಗ ಊಟ ಮುಗಿಸಿ ಬರುವಷ್ಟರಲ್ಲಿ ಸಿದ್ಧ. ಆದರೆ ಒಂದೇ ಗಾತ್ರದ ಕಡತಕ್ಕೆ ಕುಗ್ಗಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ದಿಗಿಣದ ಕಡೆ ಇಂಟೆಲ್‌ನ ಚಿತ್ರವೇ ನನ್ನ ಕಣ್ಣಿಗೆ ಹೆಚ್ಚು ಅಚ್ಚುಕಟ್ಟು. ಸಂಘದ ಯಂತ್ರದಲ್ಲಿ ಹಾಗಾಗಿ ನಾನು ಮೊದಲನೆಯ ದಾರಿಯನ್ನೇ ಹಿಡಿಯುತ್ತೇನೆ, ಅದು ನಿಧಾನ. ಮನೆಯಲ್ಲಿ ಎರಡನೆಯದು. ಲೆಕ್ಕ ಹಾಕಿದರೆ ನಾಲ್ಕು ಕೋರ್‌ನ ಯಂತ್ರವೇ ಮೊದಲು ಮುಗಿಸಿ ಕೂರುತ್ತದೆ, ಅಷ್ಟು ಹೊತ್ತು ಅದರ ಕೋರ್‌ಗಳು ಬಿಡುವಾಗಿದ್ದು ನಾನು ಪುಟ ಕಟ್ಟುತ್ತಿರುತ್ತೇನೆ. ಖಜಾಂಚಿಯವರಿಗೆ ಇದನ್ನು ವಿವರಿಸಿದೆ. ತಲೆಯಾಡಿಸಿದರು, ಒಪ್ಪಿದರೆಂದು ನನಗನ್ನಿಸಲಿಲ್ಲ.

ಯೂಟ್ಯೂಬ್ ನೋಡುವವರಿಗೆ ಒಂದು ಸಾಲು: ಈಚಿನ ಎವಿ1 ಬಗೆಯ ವಿಡಿಯೊವನ್ನು ಬಿಡಿಸುವ ಯಂತ್ರಾಂಶ 12100ರ ಗ್ರಾಫಿಕ್ಸ್‌ನಲ್ಲಿದೆ, 5600ಜಿಯದರಲ್ಲಿ ಇಲ್ಲ, ಆದರೂ ಆರು ಕೋರ್ ಇರುವುದರಿಂದ ಅದೇನೂ ತಿಣುಕುವುದಿಲ್ಲ.

5600ಜಿ ನನ್ನನ್ನು ನಿಜವಾಗಿ ಸೋಲಿಸಿದ್ದು ಹಳೆಯ ಸ್ಮರಣ ಸಂಚಿಕೆಗಳ ಕೆಲಸದಲ್ಲಿ. ಅಚ್ಚುಮೊಳೆಯ ಕಾಲದ ಪುಟಗಳು, ಒತ್ತಕ್ಷರಗಳೆಲ್ಲ ಮಸಿ ಹರಡಿ ಮುದ್ದೆಯಾಗಿರುತ್ತವೆ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡ ಓದುತ್ತದೆ. ತಪ್ಪು ಬೇಕಾದಷ್ಟು ಮಾಡುತ್ತದೆ, ಆದರೆ ಪೂರ್ತಿ ಟೈಪಿಸುವುದಕ್ಕಿಂತ ತಿದ್ದುವುದು ಸುಲಭ. ಒಂದು ಪುಟವನ್ನು ಓದಿಸಿದಾಗ ಎರಡು ಯಂತ್ರಗಳಿಗೂ ಅಂಥ ವ್ಯತ್ಯಾಸವಿಲ್ಲ. ಇಡೀ ಸಂಚಿಕೆಯನ್ನು ಕೊಟ್ಟು, ಒಂದೊಂದು ಪುಟಕ್ಕೆ ಒಂದೊಂದು ಎಳೆ (ಥ್ರೆಡ್, ಇವೆರಡರಲ್ಲೂ ಕೋರ್‌ಗೆ ಎರಡೆರಡು) ಎಂದು ನಿಗದಿ ಮಾಡಿ, ಏಕಕಾಲಕ್ಕೆ ಹಲವು ಪುಟ ಓಡಿಸಿದರೆ ಮಾತ್ರ 5600ಜಿಯ ಹನ್ನೆರಡು ಎಳೆಗಳು ಐ3ಯ ಎಂಟನ್ನು ಹಿಂದೆ ಹಾಕುತ್ತವೆ. ದಪ್ಪ ಸಂಚಿಕೆ ಬಂದರೆ ನಾನು ಈಗಲೂ ಪೆನ್‌ಡ್ರೈವ್ ಹಿಡಿದು ಸಂಘಕ್ಕೇ ಹೋಗುತ್ತೇನೆ. ನಿಮ್ಮ ಕೆಲಸ ಮುಕ್ಕಾಲು ಪಾಲು ಇಂಥದ್ದೇ ಆಗಿದ್ದರೆ ಮೇಲಿನ ನನ್ನ ಮತವನ್ನು ಪಕ್ಕಕ್ಕಿಡಿ.

ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ವಿಚಾರದಲ್ಲೂ ಎಎಂಡಿಯದೇ ಮೇಲು. ಡಬ್ಬಿಯ ಜೊತೆ ಬರುವ ಅದರ ಕೂಲರ್ ನಾಲ್ಕು ಸ್ಕ್ರೂಗಳಿಂದ ಗಟ್ಟಿಯಾಗಿ ಕೂರುತ್ತದೆ. ಇಂಟೆಲ್‌ನದು ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಾಲಿನದು, ಬೋರ್ಡು ಬಾಗುವುದನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಎಎಂ4ನಲ್ಲಿ ಕೂಲರನ್ನು ಕೀಳುವಾಗ ಜೋಪಾನ. ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟ್ ಒಣಗಿದ್ದರೆ ಪ್ರೊಸೆಸರ್ ಕೂಡ ಸಾಕೆಟ್ಟಿನಿಂದ ಕಿತ್ತುಕೊಂಡು ಬಂದು, ಪಿನ್ನು ಬಾಗಬಹುದು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗೆ ಮಾಡಿ, ನಿಲ್ಲಿಸಿ, ಮೆಲ್ಲಗೆ ತಿರುಚಿ ತೆಗೆಯುವುದು ಲೇಸು. ವಿದ್ಯುತ್ ಖರ್ಚಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, 60 ವ್ಯಾಟ್, 65 ವ್ಯಾಟ್, ಅಷ್ಟೇ. ಮೇ ತಿಂಗಳ ಮುಂಬಯಿಯ ಸೆಕೆಯಲ್ಲಿ, ಎಸಿಯಿಲ್ಲದ ಕೋಣೆಯಲ್ಲಿ, ಎರಡೂ ಬದುಕಿವೆ.

ರ‍್ಯಾಮ್ ಬಗ್ಗೆ ಮಾತ್ರ 5600ಜಿ ಕೊಳ್ಳುವವರು ಹಟ ಹಿಡಿಯಬೇಕು. ಅದರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿಯಿಲ್ಲ, ಕಂಪ್ಯೂಟರಿನ ರ‍್ಯಾಮ್‌ನಿಂದಲೇ ಎರವಲು ಪಡೆಯುತ್ತದೆ. 3200 ವೇಗದ ಒಂದು ಡಿಡಿಆರ್4 ಸ್ಟಿಕ್ ಹಾಕಿದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಹರಿಯುತ್ತದೆ, ಎರಡು ಹಾಕಿದರೆ 51.2. 16 ಜಿಬಿ ಬೇಕೆಂದರೆ ಅಂಗಡಿಯವರು ಒಂದೇ ಸ್ಟಿಕ್ ಕೊಟ್ಟು "ಮುಂದೆ ಹೆಚ್ಚಿಸಬಹುದು" ಎನ್ನುತ್ತಾರೆ. ಬೇಡ, 8 ಜಿಬಿಯ ಎರಡು ಕೇಳಿ. ಐ3ಯಲ್ಲೂ ಎರಡು ಸ್ಟಿಕ್ ಒಳ್ಳೆಯದೇ, ಆದರೆ ಪುಟವಿನ್ಯಾಸಕ್ಕೆ ಒಂದಾದರೂ ಕೆಲಸ ನಿಲ್ಲದು. ಐ3ಗೆ ಬೋರ್ಡು ಆರಿಸುವಾಗ ಡಿಡಿಆರ್4ನದೋ ಡಿಡಿಆರ್5ನದೋ ನೋಡಿಕೊಳ್ಳಿ; ಒಂದರ ಸ್ಟಿಕ್ ಇನ್ನೊಂದರ ಕಿಂಡಿಗೆ ಹೋಗುವುದಿಲ್ಲ.

ಇನ್ನು ಆಟದವರು. ನನ್ನ ಭಾವಮೈದುನನ ಮಗ ನೆರೂಳಿನಿಂದ ಬಂದಾಗಲೆಲ್ಲ ನನ್ನ ಯಂತ್ರವನ್ನು ನೋಡಿ ಮೂಗು ಮುರಿಯುತ್ತಾನೆ, ಸಂಘದ್ದನ್ನು ಕಂಡರೆ ಕೂತಲ್ಲಿಂದ ಏಳುವುದಿಲ್ಲ. ಅವನು ಹೇಳುವುದು ಸರಿ. ಕಾರ್ಡ್ ಇಲ್ಲದೆ ಆಡುವುದಾದರೆ 5600ಜಿಯ ವೇಗಾ ಗ್ರಾಫಿಕ್ಸ್‌ನ ಹತ್ತಿರಕ್ಕೂ 12100ರ ಯುಎಚ್‌ಡಿ 730 ಬರುವುದಿಲ್ಲ. ಆದರೆ ಮುಂದೊಂದು ದಿನ ಅಗ್ಗದ ಕಾರ್ಡ್ ಸೇರಿಸುತ್ತೇನೆ ಎನ್ನುವವರ ಲೆಕ್ಕ ಬೇರೆ. ಕಾರ್ಡ್‌ಗೂ ಪ್ರೊಸೆಸರಿಗೂ ನಡುವಿನ ಸಂಪರ್ಕವಾದ ಪಿಸಿಐಇಯಲ್ಲಿ 5600ಜಿ ಬೆಂಬಲಿಸುವುದು ಮೂರನೆಯ ಆವೃತ್ತಿಯವರೆಗೆ ಮಾತ್ರ. ಎಎಂಡಿಯದೇ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಾರ್ಡ್‌ಗೆ ಈ ಸಂಪರ್ಕದ ನಾಲ್ಕೇ ಹಾದಿಗಳಿವೆ, ನಾಲ್ಕನೆಯ ಆವೃತ್ತಿಯ ವೇಗವಿದ್ದರೆ ಅದಕ್ಕೆ ಸಾಕು, ಮೂರನೆಯದಾದರೆ ಉಸಿರು ಕಟ್ಟುತ್ತದೆ. 12100ರಲ್ಲಿ ಆ ತಾಪತ್ರಯವಿಲ್ಲ. ಕಾರ್ಡ್ ಬರುವುದು ಖಚಿತವಿದ್ದರೆ, ಆಗ ಎಫ್ ಅಕ್ಷರದ ಅಗ್ಗದ ಐ3 ಕೂಡ ತಪ್ಪಲ್ಲ.

ನನ್ನ ಲೆಕ್ಕ ಹೀಗೆ. ದಿನದ ಹೆಚ್ಚು ಪಾಲು ಪುಟ ಕಟ್ಟುವುದು, ವಾರಕ್ಕೊಮ್ಮೆ ವಿಡಿಯೊ, ಅಪರೂಪಕ್ಕೆ ಸ್ಕ್ಯಾನ್. ಪ್ರೊಸೆಸರಿನಲ್ಲಿ ಉಳಿದ ಹಣಕ್ಕೆ ನಾನು ಹಳೆಯ ಹಾರ್ಡ್ ಡಿಸ್ಕ್ ಬಿಟ್ಟು ಅದಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸಿಕೊಂಡೆ. ಫೋಟೊ ತುಂಬಿದ ವಿಶೇಷಾಂಕವನ್ನು ತೆರೆಯುವಾಗ ಆ ಹಣ ಕೊಟ್ಟ ಫಲವನ್ನು ಇನ್ನೆರಡು ಕೋರ್ ಕೊಡುತ್ತಿರಲಿಲ್ಲ. ಬೋರ್ಡಿನ ಬೆಲೆ ಎರಡೂ ಕಡೆ ಹೆಚ್ಚು ಕಡಿಮೆ ಸಮ. ಎಚ್610ರಲ್ಲಿ ರ‍್ಯಾಮ್‌ಗೆ ಎರಡೇ ಕಿಂಡಿ, ನನಗೆ ಅಷ್ಟು ಸಾಕು. ಮುಂದೆ ಕಸುವು ಸಾಲದಾದರೆ ಅದೇ ಬೋರ್ಡಿಗೆ ಸೆಕೆಂಡ್ ಹ್ಯಾಂಡ್ ಐ5-12400 ತಂದು ಕೂರಿಸುತ್ತೇನೆ. ಅದಕ್ಕೂ ಆರು ಕೋರ್, ಅದೂ 12ನೆಯ ತಲೆಮಾರಿನದೇ, ಬಯೋಸ್ ಮುಟ್ಟಬೇಕಾಗಿಲ್ಲ.

5600ಜಿಯನ್ನೇ ಕೊಳ್ಳುತ್ತೇವೆ ಎನ್ನುವವರು ಬಿ450 ಬದಲು ಬಿ550 ಬೋರ್ಡು ಕೇಳಿ, ಸ್ವಲ್ಪ ಹೆಚ್ಚಾದರೂ ಆಗಲಿ. ಅದಕ್ಕೂ ಡಬ್ಬಿಯ ಮೇಲಿನ ಚೀಟಿ ನೋಡದೆ ಹಣ ಕೊಡಬೇಡಿ. ಬಿಲ್ಲು ಜಿಎಸ್‌ಟಿಯದೇ ಇರಲಿ. ಎರಡು ಕಂಪನಿಗಳೂ ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ ಮೂರು ವರ್ಷದ ವಾರಂಟಿ ಕೊಡುತ್ತವೆ, 18 ಶೇಕಡಾ ಉಳಿಸಲು ಹೋಗಿ ಅದನ್ನು ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಅಂಗಡಿಯ ಮೇಜಿನ ಮೇಲೆಯೇ ಜೋಡಿಸಿ, ಪರದೆಯಲ್ಲಿ ಬಯೋಸ್‌ನ ಆವೃತ್ತಿ ಮತ್ತು ತಾರೀಖು ತೋರಿಸಲು ಹೇಳಿ. 2022ರ ಮೇ ತಿಂಗಳಿಗಿಂತ ಹಿಂದಿನದಾಗಿದ್ದರೆ ಅಲ್ಲಿಯೇ ಬದಲಿಸಿ ಕೊಡಲಿ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ. ದಾದರಿನ ಸೇತುವೆ ಹತ್ತುವವರು ಅವರಲ್ಲ.